ಕ್ಯಾನ್ಸರಿಗೆ ಕೀಮೋ ಆಗುತ್ತಿರುವವರ ಚರ್ಮಕ್ಕೆ ಬೂಷ್ಟು ಹತ್ತುವುದು ಹೇಗೆ?

ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು, ಅಡಿಕೆಗೂ ಬೂಷ್ಟು. ಅದರ ಕಣಗಳನ್ನು ದಿನಾ ಉಸಿರಾಡಿದರೂ ನಮಗೇನೂ ಆಗುವುದಿಲ್ಲ, ಅಲ್ವಾ? ರಕ್ತದಲ್ಲಿರುವ ನ್ಯೂಟ್ರೋಫಿಲ್ ಎಂಬ ಬಿಳಿಕಣಗಳು ಕಾಯುತ್ತವೆ. ಕೀಮೋ ಆದವರಲ್ಲಿ ಅವೇ ಕಡಿಮೆ. ಅಂಗ ಕಸಿಯಾದವರು, ಜಾಸ್ತಿ ಸ್ಟೀರಾಯ್ಡ್ ತೆಗೆದುಕೊಳ್ಳುವವರು, ಸಕ್ಕರೆ ಹತೋಟಿ ತಪ್ಪಿದವರು – ಇವರಿಗೂ ಬೂಷ್ಟಿನ ಅಪಾಯ ಇದೆ.

ಸುಟ್ಟ ಗಾಯ, ಮುಳ್ಳು ಚುಚ್ಚಿದ ಜಾಗ, ಡ್ರಿಪ್ ಸೂಜಿಯ ಮೇಲೆ ಅಂಟಿಸಿದ ಪಟ್ಟಿಯ ಅಡಿ – ಇಲ್ಲೆಲ್ಲ ಬೂಷ್ಟು ನೇರವಾಗಿ ಇಳಿಯಬಹುದು. ಇಲ್ಲವೇ ಶ್ವಾಸಕೋಶದಲ್ಲಿ ಬೇರೂರಿ, ರಕ್ತದ ಮೂಲಕ ಚರ್ಮಕ್ಕೆ ಬರಬಹುದು. ಇದು ಹೆಚ್ಚು ಅಪಾಯ. ಆಸ್ಪರ್ಜಿಲಸ್, ಮ್ಯೂಕರ್ ಜಾತಿಯ ಬೂಷ್ಟುಗಳು ರಕ್ತನಾಳದೊಳಗೇ ನುಗ್ಗಿ ಅದನ್ನು ಮುಚ್ಚಿಬಿಡುತ್ತವೆ. ರಕ್ತ ಸಿಗದ ಚರ್ಮ ಸತ್ತು ಕಪ್ಪಾಗುತ್ತದೆ. ಇಂಥ ಕಪ್ಪು ಕಲೆ ಕಂಡರೆ ಹುಳುಕಡ್ಡಿ ಮುಲಾಮು ಹಚ್ಚಿಕೊಂಡು ಸುಮ್ನೆ ಕೂರಬೇಡಿ. ಅಂದೇ ಡಾಕ್ಟರಿಗೆ ತೋರಿಸಿ. ಚೂರು ಚರ್ಮ ತೆಗೆದು ಬಯಾಪ್ಸಿ ಮಾಡಿದರೆ ಯಾವ ಬೂಷ್ಟು ಅಂತ ತಿಳಿಯುತ್ತದೆ.