ಡರ್ಬನ್‌ಗೆ ಹೋದಾಗ ಹಳೆಯ ನೆಂಟರನ್ನು ಹುಡುಕಬಹುದಾ?

ನಿಮ್ಮ ಮುತ್ತಜ್ಜನ ತಮ್ಮ ಕಬ್ಬಿನ ತೋಟದ ಕೆಲಸಕ್ಕೆ ದಕ್ಷಿಣ ಆಫ್ರಿಕಾಕ್ಕೆ ಹೋದರಂತೆ, ಈಗ ನೀವು ಆಫೀಸ್ ಕೆಲಸದ ಮೇಲೆ ಡರ್ಬನ್‌ಗೆ ಹೊರಟಿದ್ದೀರಿ, ಎರಡು ದಿನ ಬಿಡುವಿದೆ, ಅವರ ಕಡೆಯವರನ್ನು ಹುಡುಕಬಹುದಾ ಅಂತ ಕೇಳಿದ್ದೀರಿ. ಖಂಡಿತ ಹುಡುಕಿ. ಆದರೆ ವಿಮಾನ ಹತ್ತುವ ಮೊದಲು ಒಂದ್ಸಲ ಊರಿಗೆ ಹೋಗಿ ಬನ್ನಿ.

ನಮ್ಮದು ಮುಳಬಾಗಿಲು ಕಡೆಯ ಹಳ್ಳಿ. ನಮ್ಮ ಮುತ್ತಜ್ಜನ ತಮ್ಮ ಪ್ಲೇಗ್ ಬಂದು ತೀರಿಕೊಂಡ ಅಂತಲೇ ಮನೆಯಲ್ಲಿ ಹೇಳುತ್ತಿದ್ದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತಲ್ಲ, ಆಮೇಲಿನ ವರ್ಷಗಳಲ್ಲಿ ನಮ್ಮೂರಿನವರೂ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರಂತೆ. ಆಗ ಹೋದವನು ವಾಪಸ್ ಬರಲಿಲ್ಲ. ಪಿತೃಪಕ್ಷದಲ್ಲಿ ಅವನಿಗೂ ಒಂದು ಎಡೆ ಇಡುತ್ತಿದ್ದರು. ಹನ್ನೆರಡು ವರ್ಷದ ಹಿಂದೆ ಡರ್ಬನ್‌ನ ಒಬ್ಬ ಹೆಂಗಸು ಕೈಯಲ್ಲಿ ಒಂದು ಜೆರಾಕ್ಸ್ ಹಾಳೆ ಹಿಡಿದುಕೊಂಡು ನಮ್ಮ ಜಗಲಿ ಮುಂದೆ ಬಂದು ನಿಂತಾಗಲೇ ಗೊತ್ತಾಗಿದ್ದು, ಅವನು ಮದ್ರಾಸಿಗೆ ಹೋಗಿ ಹಡಗು ಹತ್ತಿದ್ದ ಅಂತ.

ಆ ಹಾಳೆ ಹಡಗಿನ ಪಟ್ಟಿಯದು. ನಿಮಗೂ ಅದೇ ಬೇಕಾಗಿರೋದು. 1860ರ ನವೆಂಬರ್ 16ರಂದು ಟ್ರೂರೋ ಅನ್ನೋ ಹಡಗು ಮದ್ರಾಸಿನಿಂದ ಕರಾರಿನ ಕೂಲಿಗಳ ಮೊದಲ ತಂಡವನ್ನು ಡರ್ಬನ್‌ಗೆ ತಂದು ಇಳಿಸಿತು. 1911ರವರೆಗೆ ಹೀಗೆ ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಜನ ಹೋದರು. ಐದು ವರ್ಷದ ಕರಾರು. ಒಬ್ಬೊಬ್ಬರಿಗೂ ಒಂದು ನಂಬರ್. ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲ್ಲೂಕು, ಹಳ್ಳಿ, ಮೈಮೇಲಿನ ಗುರುತು, ಇಷ್ಟನ್ನೂ ಬರೆದುಕೊಳ್ಳುತ್ತಿದ್ದರು. ನಮ್ಮವನ ಸಾಲಿನಲ್ಲಿ ಬಲ ಹುಬ್ಬಿನ ಮೇಲೆ ಗಾಯದ ಕಲೆ ಅಂತಿದೆ. ಅವನದೊಂದು ಫೋಟೋನೂ ಇಲ್ಲದ ನಮಗೆ ಅವನ ಮುಖದ ಬಗ್ಗೆ ಗೊತ್ತಿರೋದು ಅಷ್ಟೇ.

ಈ ಪಟ್ಟಿಗಳನ್ನು ಈಗ ಕಂಪ್ಯೂಟರ್‌ಗೆ ಹಾಕಿದ್ದಾರೆ. ಡರ್ಬನ್‌ನಲ್ಲಿ 1860 ಹೆರಿಟೇಜ್ ಸೆಂಟರ್ ಅಂತ ಇದೆ, ಅಲ್ಲಿ ವಿಚಾರಿಸಿ. ಸುಮ್ನೆ 'ಮುನಿಸ್ವಾಮಿ, ಮೈಸೂರು ಸೀಮೆ' ಅಂದರೆ ಏನೂ ಸಿಗೋದಿಲ್ಲ, ಆ ಹೆಸರಿನವರು ತುಂಬಾ ಜನ ಇದ್ದಾರೆ. ಅಪ್ಪನ ಹೆಸರು ಗೊತ್ತಿರಬೇಕು, ಹಳ್ಳಿಯ ಹಳೇ ಹೆಸರು ಗೊತ್ತಿರಬೇಕು. ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರೆದುಕೊಂಡಿದ್ದಾರೆ, ನಮ್ಮೂರಿನ 'ಹಳ್ಳಿ' ಅಲ್ಲಿ 'ಪಲ್ಲಿ' ಆಗಿತ್ತು. ಬಾಯಿಬಿಟ್ಟು ಓದಿದರೆ ಊರು ಹೊಳೆಯುತ್ತದೆ. ಅಡ್ಡಹೆಸರೂ ಅಷ್ಟೇ. ನಾಯ್ಡು ಅಲ್ಲಿ ನಾಯ್ಡೂ ಆಗಿದೆ, ಮುದಲಿ ಮೂಡ್ಲಿ ಆಗಿದೆ, ಎಷ್ಟೋ ಮನೆಗಳಲ್ಲಿ ಹಡಗು ಹತ್ತಿದವನ ಹೆಸರೇ ಮನೆತನದ ಹೆಸರಾಗಿಬಿಟ್ಟಿದೆ.

ಡರ್ಬನ್‌ನವರು ಯಾಕೆ ಮೊದಲೇ ಬರಲಿಲ್ಲ ಅಂತ ನಮ್ಮ ಚಿಕ್ಕಪ್ಪ ಕೇಳಿದರು. ವರ್ಣಭೇದದ ಕಾರಣಕ್ಕೆ 1946ರಲ್ಲೇ ಭಾರತ ಆ ದೇಶದ ಜೊತೆ ವ್ಯಾಪಾರ ನಿಲ್ಲಿಸಿತ್ತು, ರಾಯಭಾರ ಸಂಬಂಧ ಮತ್ತೆ ಶುರುವಾಗಿದ್ದು 1993ರಲ್ಲಿ. ಹೇಗೆ ಬರ್ತಾರೆ ಹೇಳಿ. ನಿಜ ಹೇಳಬೇಕಂದ್ರೆ ಚಿಕ್ಕಪ್ಪನಿಗೆ ಇದ್ದ ಭಯ ಬೇರೆ, ಜಮೀನಿನಲ್ಲಿ ಪಾಲು ಕೇಳೋಕೆ ಬಂದಿದ್ದಾರೆ ಅಂತ. ಅಷ್ಟು ದೂರದಿಂದ ಬಂದವರ ಮುಂದೆ ಆ ಮಾತು ಬಂದಿದ್ದಕ್ಕೆ ನನಗೆ ಈಗಲೂ ಬೇಜಾರಿದೆ. ನಿಮ್ಮ ಮನೆಯಲ್ಲೂ ಈ ಮಾತು ಬರಬಹುದು, ಮೊದಲೇ ಮಾತಾಡಿಕೊಂಡಿರಿ.

ಮರುವರ್ಷ ನಾನು ಅಲ್ಲಿಗೆ ಹೋದೆ. ಡರ್ಬನ್‌ನ ಚಾಟ್ಸ್‌ವರ್ತ್‌ನಲ್ಲಿ ಅವರ ಮನೆ. ಬಣ್ಣದ ಆಧಾರದ ಮೇಲೆ ಬಡಾವಣೆ ಬೇರೆ ಮಾಡುವ ಕಾನೂನು ಬಂದ ಮೇಲೆ ಭಾರತೀಯರನ್ನು ಬೇರೆ ಬೇರೆ ಕಡೆಯಿಂದ ಎಬ್ಬಿಸಿ ತಂದು ಹಾಕಿದ ಜಾಗ ಅದು. ಗೇಟಿನ ಪಕ್ಕ ಕರಿಬೇವಿನ ಗಿಡ. ಮನೆಮಾತು ಇಂಗ್ಲಿಷ್, ಕನ್ನಡವಾಗಲೀ ತೆಲುಗಾಗಲೀ ಯಾರಿಗೂ ಬರೋದಿಲ್ಲ. ಊಟ ಆದ ಮೇಲೆ ಎಂಬತ್ತು ದಾಟಿದ ಒಬ್ಬ ಅಜ್ಜಿ ನನ್ನ ಕೈ ಹಿಡಿದುಕೊಂಡು ದೇವರ ಗೂಡಿನ ಹತ್ತಿರ ಕರೆದುಕೊಂಡು ಹೋದರು. ಅರಿಶಿನ ಮೆತ್ತಿದ ಏಳು ಸಣ್ಣ ಕಲ್ಲು ಸಾಲಾಗಿ ಇಟ್ಟಿದ್ದರು. ಅವುಗಳ ಕಡೆ ತೋರಿಸಿ 'ಸಪ್ಲಮ್ಮ' ಅಂದರು. ಹಾಗಂದ್ರೆ ಏನು ಅಂತ ನನ್ನನ್ನೇ ಕೇಳಿದರು. ಅವರ ಮಾವ ಹಾಗೆ ಕರೆಯುತ್ತಿದ್ದರಂತೆ, ಅದಕ್ಕೆ ಇವರೂ ಕರೆಯುತ್ತಾರೆ.

ಸಪ್ಲಮ್ಮ ಅಂದರೆ ನಮ್ಮೂರ ದೇವತೆ, ಕೆರೆ ಏರಿಯ ಮೇಲೆ ಇರೋ ಗುಡಿ ಅವಳದೇ. ಫೋನಿನಲ್ಲಿ ಅದರ ವಿಡಿಯೋ ಇತ್ತು, ಹಿಂದಿನ ಜಾತ್ರೆಯದು. ತೋರಿಸಿದೆ. ಒಳಗೆ ಸಾಲಾಗಿ ಏಳು ಕಲ್ಲು ಕಾಣಿಸಿದ ಕೂಡಲೇ ಅಜ್ಜಿ ಫೋನ್ ಕಿತ್ತುಕೊಂಡು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಮನೆಯವರನ್ನೆಲ್ಲ ಕೂಗಿ ಕರೆದು ಐದಾರು ಸಲ ಹಾಕಿಸಿಕೊಂಡು ನೋಡಿದರು.

ಹಾಗಾಗಿ ಸೀರೆ, ಸ್ವೀಟು ಆಮೇಲೆ ನೋಡಿಕೊಳ್ಳಿ. ಊರ ಬಾಗಿಲು, ಬಾವಿ, ಗುಡಿ, ಹಳೇ ಮನೆ, ಇವುಗಳ ವಿಡಿಯೋ ಮಾಡಿಕೊಂಡು ಹೋಗಿ. ವಂಶದ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಹೋಗಿ. ಅಲ್ಲಿ ಕೂತಾಗ ಜಾತಿ ವಿಷಯ ಎತ್ತಬೇಡಿ. ಪಟ್ಟಿಯಲ್ಲಿ ಜಾತಿ ಬೇರೆ ಏನೋ ಇರಬಹುದು, ಮದುವೆಗಳೂ ಹೇಗ್ಹೇಗೋ ಆಗಿರಬಹುದು, ಅದನ್ನು ಕೆದಕಿ ನಮಗೆ ಆಗಬೇಕಾದ್ದೇನು?

ಎರಡೇ ದಿನದಲ್ಲಿ ಸಿಗದೆಯೂ ಇರಬಹುದು. ನಂಬರ್ ಸಿಕ್ಕರೆ ಬರೆದುಕೊಂಡು ಬನ್ನಿ, ಮುಂದಿನದನ್ನು ಇಲ್ಲಿ ಕೂತೇ ಹುಡುಕಬಹುದು. ಅಪ್ಪನ ಹೆಸರು, ಹಳ್ಳಿ, ಹೋದ ವರ್ಷ ಅಂದಾಜು ಎಷ್ಟು ಅಂತ ಇಲ್ಲಿ ಹಾಕಿ. ಆವತ್ತು ಹಾಳೆ ಹಿಡಿದು ಬಂದಿದ್ದ ಡರ್ಬನ್‌ನ ಅಕ್ಕ ಈಗ ಇಂಥ ಪಟ್ಟಿ ಓದೋದರಲ್ಲಿ ಪಳಗಿದ್ದಾರೆ, ಅವರಿಗೆ ತೋರಿಸುತ್ತೇನೆ.