ಕಲಂಗುಟ್ ವಿಲ್ಲಾಕ್ಕೆ ಪೂರ್ತಿ ಮುಂಗಡ ಕೇಳುತ್ತಿರುವ ಕುರಿತು

ಗೋವಾಕ್ಕೆ ಹೊರಟಿರುವ ನೀವು, ಕಲಂಗುಟ್‌ನ ವಿಲ್ಲಾವೊಂದರವರು ಕಳುಹಿಸಿದ ವಾಟ್ಸ್‌ಆ್ಯಪ್ ಸಂದೇಶವನ್ನು ನಂಬಬಹುದೇ ಎಂದು ಕೇಳಿದ್ದೀರಿ. ಏರ್‌ಬಿಎನ್‌ಬಿಯಂಥ ಆ್ಯಪ್‌ನಲ್ಲಿ ಬುಕ್ ಮಾಡದೆ ಪೂರ್ತಿ ಬಾಡಿಗೆಯನ್ನು ಇಂದೇ ಯುಪಿಐ ಮೂಲಕ ಕಳುಹಿಸಿದರೆ ರಿಯಾಯಿತಿ ಕೊಡುತ್ತೇವೆಂದು ಆ ಕಲಂಗುಟ್ ವಿಲ್ಲಾದವರು ಒತ್ತಾಯಿಸುತ್ತಿರುವುದನ್ನು ನೋಡಿದರೆ, ಬೇರೆಯವರ ಮನೆಯ ಫೋಟೋ ತೋರಿಸಿ ಹಣ ಪಡೆಯುವ ಪ್ರಯತ್ನವಿದು ಎನಿಸುತ್ತದೆ. ಆ್ಯಪ್‌ಗೆ ಕೊಡಬೇಕಾದ ಕಮಿಷನ್ ಉಳಿಸಲು ಹೊರಟ ನಿಜವಾದ ಮಾಲೀಕರೂ ಇರಬಹುದು; ವಾಟ್ಸ್‌ಆ್ಯಪ್ ಸಂದೇಶವೊಂದರಿಂದ ಅದನ್ನು ನಿರ್ಧರಿಸಲಾಗದು.

ಮೊದಲು ಫೋಟೋಗಳನ್ನು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಅದೇ ಈಜುಕೊಳ ಬೇರೆ ಊರಿನ, ಬೇರೆ ಹೆಸರಿನ ಮನೆಯಲ್ಲಿ ಕಂಡರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿ. ಕಾಣದಿದ್ದರೆ ಗೋವಾ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಪ್ರಮಾಣಪತ್ರವನ್ನು ಕೇಳಿ. ಪ್ರವಾಸಿಗರಿಗೆ ಬಾಡಿಗೆಗೆ ವಸತಿ ಕೊಡುವವರು ಗೋವಾದ 1982ರ ಪ್ರವಾಸೋದ್ಯಮ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು. ಪತ್ರದಲ್ಲಿರುವ ಹೆಸರಿಗೂ ಯುಪಿಐಯಲ್ಲಿ ಕಾಣುವ ಹೆಸರಿಗೂ ತಾಳೆಯಾಗುತ್ತದೆಯೇ ನೋಡಿ. ನಂತರ ವಿಡಿಯೋ ಕರೆ ಮಾಡಿ, ಗೇಟಿನಿಂದ ಅಡುಗೆಮನೆಯವರೆಗೆ ನಡೆದು ತೋರಿಸಲು, ಅಲ್ಲಿ ನಲ್ಲಿಯನ್ನು ತಿರುಗಿಸಲು ಹೇಳಿ. ನಾನು ಪುಣೆಯಿಂದ ಗೋವಾದ ಮನೆಗಳನ್ನು ಗೊತ್ತುಮಾಡುವಾಗ ಇದನ್ನು ಎಂದೂ ಬಿಡುವುದಿಲ್ಲ, ಏಕೆಂದರೆ ಮನೆಯ ಬೀಗದ ಕೈ ಇಲ್ಲದವರು ಹಳೆಯ ವಿಡಿಯೋವನ್ನಷ್ಟೇ ಕಳುಹಿಸಬಲ್ಲರು.

ಎಲ್ಲವೂ ಸರಿಯಿದ್ದರೂ ಆ್ಯಪ್‌ನೊಳಗೇ ಪಾವತಿಸಿ. ಹೊರಗೆ ಕೊಟ್ಟ ಹಣಕ್ಕೆ ಏರ್‌ಬಿಎನ್‌ಬಿಯಂಥ ತಾಣಗಳ ರಕ್ಷಣೆ ಸಿಗುವುದಿಲ್ಲ. ವೃದ್ಧ ತಂದೆತಾಯಿಯರೊಂದಿಗೆ ಹೊರಟಿರುವ ನಿಮಗೆ ಆ ರಿಯಾಯಿತಿಗಿಂತ ಈ ರಕ್ಷಣೆ ದೊಡ್ಡದು. ಟೋಕನ್ ಹಣವನ್ನು ಈಗಾಗಲೇ ಕಳುಹಿಸಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ವಹಿವಾಟಿನ ಸಂಖ್ಯೆಯನ್ನು ಕೊಡಿ, ಬ್ಯಾಂಕಿಗೂ ತಿಳಿಸಿ.