ಗುಟ್ಟನ್ನು ಓದುಗರಿಂದ ಮುಚ್ಚಿಡಬೇಡಿ

ಆತ್ಮೀಯರೇ,

ನಮಸ್ಕಾರ. ನೀವು ಕಳಿಸಿದ ಕಾದಂಬರಿಯನ್ನು ಪೂರ್ತಿ ಓದಿದೆ, ಕೆಲವು ಭಾಗಗಳನ್ನು ಎರಡೆರಡು ಸಲ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಪತ್ರದ ಕೊನೆವರೆಗೂ ನಿಮ್ಮನ್ನು ಕಾಯಿಸುವುದು ಸರಿಯಲ್ಲ ಅಂತ ಮೊದಲೇ ಹೇಳಿಬಿಡುತ್ತಿದ್ದೇನೆ. ಆದರೆ ಈ 480 ಪುಟಗಳ ಒಳಗೆ ಒಂದು ಒಳ್ಳೆಯ ಕಾದಂಬರಿ ಇದೆ. ಅದಕ್ಕೇ ಎರಡು ಸಾಲಿನ ವಿಷಾದ ಪತ್ರ ಕಳಿಸಲು ಮನಸ್ಸು ಬರಲಿಲ್ಲ.

ಕಥೆಯನ್ನು ನಾನು ಸರಿಯಾಗಿ ಗ್ರಹಿಸಿದ್ದೇನಾ ನೋಡಿ. 1941ರ ಬರ್ಮಾದ ರಂಗೂನು. ಭಾರತೀಯ ಗುಮಾಸ್ತರೊಬ್ಬರ ಮಗಳು ವಸುಧಾ, ಬಂದರಿನ ಆಫೀಸಿನಲ್ಲಿ ಕೆಲಸ ಮಾಡುವ ಗೋಪಾಲ. ಇಬ್ಬರಿಗೂ ಪ್ರೀತಿ. ಡಿಸೆಂಬರ್ 23ರಂದು ಜಪಾನಿನ ವಿಮಾನಗಳು ಬಾಂಬು ಹಾಕಿದಾಗ ವಸುಧಾಳ ಮನೆಯವರೆಲ್ಲ ಸಾಯುತ್ತಾರೆ, ಗೋಪಾಲ ಕಣ್ಮರೆಯಾಗುತ್ತಾನೆ. ಅವಳು ನಿರಾಶ್ರಿತರ ಜೊತೆ ಕಾಲ್ನಡಿಗೆಯಲ್ಲಿ ಭಾರತದ ಕಡೆ ಹೊರಡುತ್ತಾಳೆ. ದಾರಿಯಲ್ಲಿ ಜೊತೆಯಾದ ಕಮಲಾ ಎಂಬ ವಿಧವೆ ಕಾಲರಾದಿಂದ ಸಾಯುತ್ತಾಳೆ. ಅವಳ ಎರಡು ವರ್ಷದ ಮಗನನ್ನು ಎತ್ತಿಕೊಂಡು, ಅವಳ ಹೆಸರು ಹೇಳಿಕೊಂಡು, ವಸುಧಾ ಕಮಲಾಳ ಅತ್ತೆಮನೆ ಸೇರುತ್ತಾಳೆ. ಮದುವೆ ರಂಗೂನಿನಲ್ಲೇ ಆಗಿದ್ದರಿಂದ ಆ ಮನೆಯವರು ಸೊಸೆಯ ಮುಖ ನೋಡಿರುವುದಿಲ್ಲ. ಇತ್ತ ಗೋಪಾಲ ಆಜಾದ್ ಹಿಂದ್ ಫೌಜು ಸೇರಿ, ಕೊನೆಗೆ ಸತ್ತ ಸಿಪಾಯಿಯೊಬ್ಬನ ಹೆಸರಿನಲ್ಲಿ ಮರಳುತ್ತಾನೆ. ನಲವತ್ತು ವರ್ಷದ ಮೇಲೆ ಮೊಮ್ಮಗಳಿಗೆ ಅಟ್ಟದ ಮೇಲಿನ ಟ್ರಂಕಿನಲ್ಲಿ ಪತ್ರಗಳ ಕಟ್ಟು ಸಿಕ್ಕಿ ಎಲ್ಲ ಬಯಲಾಗುತ್ತದೆ.

ನನ್ನ ದೊಡ್ಡ ತಕರಾರು ಒಂದೇ. ವಸುಧಾ ಹೆಸರು ಬದಲಾಯಿಸಿದ್ದನ್ನು ನೀವು ಓದುಗರಿಗೂ ಹೇಳುವುದಿಲ್ಲ. 140ನೇ ಪುಟದಲ್ಲಿ ಯಾರೋ ಒಬ್ಬಳು ಸತ್ತಳು ಅಂತಷ್ಟೇ ಬರುತ್ತದೆ. ಮುಂದಿನ ಅಧ್ಯಾಯದಿಂದ ನೀವೂ ಅವಳನ್ನು ಕಮಲಾ ಅಂತಲೇ ಕರೆಯುತ್ತೀರಿ. ಸತ್ತವಳು ವಸುಧಾ ಅಂದುಕೊಂಡು ನಾವು ಓದುತ್ತಾ ಹೋಗಬೇಕು, 391ನೇ ಪುಟದಲ್ಲಿ ಬೆಚ್ಚಿಬೀಳಬೇಕು. ನಾನು ಬೆಚ್ಚಲಿಲ್ಲ. ಅನುಮಾನ ಮೊದಲೇ ಬಂದಿತ್ತು, ಅದು ಸಣ್ಣ ವಿಷಯ. ದೊಡ್ಡ ನಷ್ಟ ಬೇರೆ. ಆ ಒಂದು ಬೆರಗಿಗಾಗಿ ನೀವು ಇನ್ನೂರೈವತ್ತು ಪುಟಗಳ ಕಾಲ ಅವಳ ಮನಸ್ಸಿನ ಬಾಗಿಲು ಹಾಕಿಬಿಟ್ಟಿದ್ದೀರಿ. ಒಳಗೆ ಹೋದರೆ ಗುಟ್ಟು ರಟ್ಟಾಗುತ್ತದಲ್ಲ! ಹಾಗಾಗಿ ಅವಳು ನೀರು ಸೇದುತ್ತಾಳೆ, ಮಗುವಿಗೆ ಉಣಿಸುತ್ತಾಳೆ, ಕಿಟಕಿ ಬಳಿ ನಿಲ್ಲುತ್ತಾಳೆ. ಏನು ಯೋಚಿಸುತ್ತಾಳೆ ಅಂತ ಒಂದೇ ಒಂದು ಸಾಲಿಲ್ಲ.

168ನೇ ಪುಟ ತೆಗೆಯಿರಿ. ವಸುಧಾ ಅತ್ತೆಮನೆಗೆ ಬಂದ ಮೊದಲ ರಾತ್ರಿ. ಎಲ್ಲರೂ ಊಟಕ್ಕೆ ಕೂತಿದ್ದಾರೆ. ಮಗು ಅವಳ ಸೆರಗು ಹಿಡಿದು "ಅಕ್ಕಾ, ನೀರು" ಅನ್ನುತ್ತದೆ. ಅತ್ತೆಯ ಕೈ ಅನ್ನದ ಪಾತ್ರೆಯ ಮೇಲೆ ಒಂದು ಗಳಿಗೆ ನಿಲ್ಲುತ್ತದೆ. ಆಮೇಲೆ ಆಕೆ ಏನೂ ಕೇಳದೆ ಇನ್ನೊಂದು ಸೌಟು ಅನ್ನ ಬಡಿಸುತ್ತಾರೆ.

ಇಡೀ ಹಸ್ತಪ್ರತಿಯಲ್ಲಿ ಇದರಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ನೀವು ಅದನ್ನು ನಾಲ್ಕು ಸಾಲಿನಲ್ಲಿ ಮುಗಿಸಿ, ಮರುದಿನದ ಮಳೆಯ ವರ್ಣನೆಗೆ ಹೋಗಿಬಿಟ್ಟಿದ್ದೀರಿ. ಆ ಅತ್ತೆಗೆ ಗೊತ್ತಾಗಿದೆ, ಅಲ್ವಾ? ಹೆತ್ತ ತಾಯಿಯನ್ನು ಮಗು ಅಕ್ಕ ಅನ್ನುವುದಿಲ್ಲ ಅಂತ ತಿಳಿಯದಷ್ಟು ಮುಗ್ಧೆ ಅಲ್ಲ ಆಕೆ. ಮಗನನ್ನು ಕಳೆದುಕೊಂಡಿದ್ದಾರೆ. ಕಣ್ಣೆದುರು ಮೊಮ್ಮಗ ಇದ್ದಾನೆ. ಈ ಹುಡುಗಿಯನ್ನು ಹೊರಗೆ ಹಾಕಿದರೆ ಮಗುವೂ ಅವಳ ಹಿಂದೆಯೇ ಹೋಗಬಹುದು. ಅದಕ್ಕೇ ಸುಮ್ಮನಿದ್ದಾರೆ. ಬರೆದ ನಿಮಗೆ ಮಾತ್ರ ಇದು ಗೊತ್ತಾದಂತಿಲ್ಲ. ಯಾಕಂದರೆ 391ನೇ ಪುಟದಲ್ಲಿ ಎಲ್ಲರ ಜೊತೆ ಆಕೆಯೂ "ಅಯ್ಯೋ" ಎಂದು ಕುಸಿಯುತ್ತಾರೆ! ಹಾಗೆ ಬರೆದು ಆ ರಾತ್ರಿಯ ಊಟವನ್ನು ನೀವೇ ಅಳಿಸಿ ಹಾಕಿದ್ದೀರಿ.

ಸುಳ್ಳು ಹೆಸರಿನವಳನ್ನು ಮನೆಯವರು ನಂಬಿದರು ಅಂತ ಬರೆದರೆ ಸಾಲದು. ಯಾರು ನಂಬಿದರು, ಯಾರು ನಂಬಿದ ಹಾಗೆ ಇದ್ದರು, ಯಾರಿಗೆ ನಂಬದೆ ಬೇರೆ ದಾರಿ ಇರಲಿಲ್ಲ, ಇದನ್ನೆಲ್ಲ ಬಿಡಿಸಿ ನೋಡಬೇಕು. ಬಂಗಾಳದ ಭಾವಾಲ್ ಸನ್ಯಾಸಿಯ ಮೊಕದ್ದಮೆ ನಿಮಗೆ ಗೊತ್ತಿರಬಹುದು. ಭಾವಾಲ್ ಜಮೀನ್ದಾರಿಯ ಎರಡನೇ ಕುಮಾರ 1909ರಲ್ಲಿ ಡಾರ್ಜಿಲಿಂಗ್‌ನಲ್ಲಿ ಸತ್ತ ಎಂದು ಎಲ್ಲರೂ ತಿಳಿದಿದ್ದರು. ಹತ್ತು ವರ್ಷ ದಾಟಿದ ಮೇಲೆ ಢಾಕಾದಲ್ಲಿ ಕಾಣಿಸಿಕೊಂಡ ಸನ್ಯಾಸಿಯೊಬ್ಬ ತಾನೇ ಆ ಕುಮಾರ ಅಂದ. ಅಕ್ಕ ಒಪ್ಪಿದಳು. ಹೆಂಡತಿ ಒಪ್ಪಲಿಲ್ಲ. ಕೋರ್ಟಿನಲ್ಲಿ ಮೈಮೇಲಿನ ಗುರುತುಗಳು, ಪಾದದ ಚರ್ಮ, ಎಲ್ಲದರ ಬಗ್ಗೆಯೂ ನೂರಾರು ಸಾಕ್ಷಿಗಳ ವಿಚಾರಣೆ ನಡೆಯಿತು. 1946ರಲ್ಲಿ ಆಗಿನ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೂಡ ಅವನ ಪರವಾಗಿಯೇ ತೀರ್ಪು ಕೊಟ್ಟಿತು. ಹೆಂಡತಿ ಮಾತ್ರ ಕೊನೆವರೆಗೂ ಒಪ್ಪಲಿಲ್ಲ. ಗುರುತು ಹಿಡಿಯುವುದು ಕಣ್ಣಿನಿಂದ ಮಾತ್ರ ನಡೆಯುವ ಕೆಲಸವಲ್ಲ ಅನ್ನುವುದಕ್ಕೆ ಈ ಕೇಸನ್ನು ನೆನಪಿಸಿದೆ. ಒಪ್ಪುವುದರಿಂದ, ಒಪ್ಪದೇ ಇರುವುದರಿಂದ ಯಾರಿಗೆ ಏನು ಸಿಗುತ್ತದೆ, ಏನು ಹೋಗುತ್ತದೆ ಅನ್ನುವುದೂ ಅದರಲ್ಲಿ ಸೇರಿರುತ್ತದೆ. ನಿಮ್ಮ ಕಾದಂಬರಿಯ ಅತ್ತೆ, ಮಾವ, ನಾದಿನಿ ಮೂವರಿಗೂ ಈ ಲೆಕ್ಕ ಬೇರೆ ಬೇರೆ ಇರಬೇಕು.

ಇನ್ನೊಂದು ಮಾತು ಇದಕ್ಕೇ ಸೇರಿದ್ದು. ಕಮಲಾ ವಿಧವೆ. ಅವಳ ಹೆಸರು ತೆಗೆದುಕೊಂಡ ವಸುಧಾ ಅವಳ ವೈಧವ್ಯವನ್ನೂ ತೆಗೆದುಕೊಂಡ ಹಾಗಾಯಿತು. ವಯಸ್ಸು ಇಪ್ಪತ್ತೆರಡು. ಪ್ರೀತಿಸಿದವನು ಎಲ್ಲೋ ಬದುಕಿದ್ದಾನೆ ಅಂತ ಅವಳ ಮನಸ್ಸು ಹೇಳುತ್ತಿದೆ. ಆದರೆ ಮುಖವನ್ನೂ ನೋಡದ ಒಬ್ಬ ಗಂಡಸಿಗಾಗಿ ಅವಳು ಕುಂಕುಮ ಬಿಡಬೇಕು, ಶುಭಕಾರ್ಯಗಳಲ್ಲಿ ಹಿಂದೆ ನಿಲ್ಲಬೇಕು, ವರ್ಷಕ್ಕೊಮ್ಮೆ ಅವನ ತಿಥಿಯ ದಿನ ಅಳಬೇಕು. ಆ ತಿಥಿಯ ದಿನ ಅವಳು ನಿಜವಾಗಿ ಯಾರಿಗಾಗಿ ಅಳುತ್ತಾಳೆ? ತನ್ನ ಅಪ್ಪ ಅಮ್ಮನಿಗೆ ಅವಳು ತಿಥಿ ಮಾಡಿಸುವ ಹಾಗಿಲ್ಲ. ಅವರ ಹೆಸರನ್ನೂ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಇಷ್ಟು ದೊಡ್ಡ ವಿಷಯ ಕೈಯಲ್ಲಿಟ್ಟುಕೊಂಡು ನೀವು ಅದರ ಬಗ್ಗೆ ಬರೆದಿರುವುದು ಒಂದೂವರೆ ಪುಟ. ಗುಟ್ಟು ಉಳಿಸಿಕೊಳ್ಳುವ ಹಟಕ್ಕೆ ತೆತ್ತ ಬೆಲೆ ಇದು.

ಹಾಗಾಗಿ ಹೆಸರು ಬದಲಾದ ಕ್ಷಣವನ್ನೇ ನೇರವಾಗಿ ತೋರಿಸಿ. ಬರ್ಮಾ ಗಡಿಯ ತಾಮುವಿನ ನಿರಾಶ್ರಿತರ ಶಿಬಿರದಲ್ಲಿ ಹೆಸರು ಬರೆದುಕೊಳ್ಳುವವನು ತಲೆ ಎತ್ತದೆ "ಹೆಸರು?" ಅನ್ನುತ್ತಾನೆ. ಅವಳು ಕಮಲಾ ಅನ್ನುತ್ತಾಳೆ. ಅಲ್ಲಿಂದ ಮುಂದೆ ಆ ಮನೆಯಲ್ಲಿ ಯಾರಾದರೂ ರಂಗೂನಿನ ಮದುವೆ ಬಗ್ಗೆ ಒಂದು ಮಾತೆತ್ತಿದರೂ ಓದುವವರ ಎದೆ ಢವಗುಟ್ಟುತ್ತದೆ. ಈಗ ಅದೇ ಮಾತು ಬಂದಾಗ ನಮಗೆ ಏನೂ ಅನ್ನಿಸುವುದಿಲ್ಲ. ಮತ್ತೆ, ಆ ಸುಳ್ಳಿಗೆ ಸಾಯುವವಳಿಗೆ ಕೊಟ್ಟ ಮಾತು ಒಂದೇ ಕಾರಣ ಆಗದಿರಲಿ. ಅವಳಿಗೂ ಒಂದು ಮನೆ ಬೇಕಿತ್ತು. ಭಾರತದಲ್ಲಿ ಅವಳಿಗೆ ಯಾರೂ ಇರಲಿಲ್ಲ. ಅವಳನ್ನು ಸ್ವಲ್ಪ ಸ್ವಾರ್ಥಿ ಮಾಡಿ. ಆಗ ಅವಳ ಮೇಲೆ ನನಗೆ ಪ್ರೀತಿ ಜಾಸ್ತಿಯಾಗುತ್ತದೆ.

ಪ್ರೇಮಿಗಳ ಅಗಲಿಕೆಗೆ ಬರೋಣ. ಇಬ್ಬರನ್ನೂ ದೂರ ಇಡಲು ನೀವು ಒಬ್ಬ ಸೋದರಮಾವನನ್ನು ತಂದಿದ್ದೀರಿ. 1943ರಲ್ಲಿ ಗೋಪಾಲ ರಂಗೂನಿನಿಂದ ಬರೆದ ಪತ್ರಗಳನ್ನು ಅವನು ಬಚ್ಚಿಡುತ್ತಾನೆ. ಈ ಖಳನಾಯಕ ಬೇಡವೇ ಬೇಡ. 1942ರ ಮಾರ್ಚ್ 8ಕ್ಕೆ ರಂಗೂನು ಜಪಾನೀಯರ ಕೈ ಸೇರಿತ್ತು. ಶತ್ರುವಿನ ಕೈಯಲ್ಲಿದ್ದ ಊರಿಂದ ಭಾರತಕ್ಕೆ ಮಾಮೂಲಿ ಅಂಚೆ ಬರುವುದು ಹೇಗೆ? ಮೂರು ವರ್ಷಕ್ಕೂ ಹೆಚ್ಚು ಕಾಲ ಲಕ್ಷಾಂತರ ಜನರಿಗೆ ತಮ್ಮವರು ಬದುಕಿದ್ದಾರಾ ಇಲ್ಲವಾ ಅನ್ನುವುದೇ ಗೊತ್ತಿರಲಿಲ್ಲ. ಯಾರದ್ದೂ ಪಿತೂರಿ ಇಲ್ಲದೆ ಯುದ್ಧವೇ ಜನರನ್ನು ಹೀಗೆ ಬೇರೆ ಮಾಡಿತು. ಆ ಮೌನದಲ್ಲಿ ಅವಳು ಏನೇನು ಊಹಿಸಿಕೊಳ್ಳುತ್ತಾಳೆ ಅಂತ ಬರೆಯಿರಿ. ಪತ್ರ ಬಚ್ಚಿಟ್ಟವನ ಮೇಲೆ ಸಿಟ್ಟಾದರೂ ಮಾಡಿಕೊಳ್ಳಬಹುದು. ಬರದೇ ಇರುವ ಪತ್ರಕ್ಕೆ ಅವಳು ಯಾರ ಮೇಲೆ ಸಿಟ್ಟಾಗಬೇಕು?

ಗೋಪಾಲನ ಹೆಸರು ಬದಲಾವಣೆಯನ್ನು ಪೂರ್ತಿ ತೆಗೆದುಹಾಕಿ. ಒಂದು ಕಥೆಯಲ್ಲಿ ಇಂಥ ಘಟನೆ ಎರಡು ಸಲ ಬಂದರೆ ಎರಡೂ ಹಗುರವಾಗುತ್ತವೆ. ಅದೂ ಅಲ್ಲದೆ ಇದು ನಂಬುವ ಹಾಗೂ ಇಲ್ಲ. ಬ್ರಿಟಿಷರ ಭಾರತೀಯ ಸೇನೆಯಲ್ಲಿ ಪ್ರತಿ ಸಿಪಾಯಿಯ ಊರು, ತಂದೆ ಹೆಸರು, ಗುರುತುಗಳು ದಾಖಲೆಯಲ್ಲಿರುತ್ತಿದ್ದವು. ಒಂದೇ ಸೀಮೆಯ ಜನ ಒಂದೇ ಪಲ್ಟನ್ನಿನಲ್ಲಿ ಇರುವುದು ಸಾಮಾನ್ಯವಾಗಿತ್ತು. ಯುದ್ಧ ಮುಗಿದ ಮೇಲೆ ಸೆರೆಸಿಕ್ಕ ಆಜಾದ್ ಹಿಂದ್ ಫೌಜಿನವರನ್ನು ವಿಚಾರಣೆ ಮಾಡಿ, ಬ್ರಿಟಿಷರಿಗೆ ಎಷ್ಟು ನಿಷ್ಠರು ಅನ್ನುವುದರ ಮೇಲೆ ಬಿಳಿ, ಬೂದು, ಕಪ್ಪು ಅಂತ ವಿಂಗಡಿಸಿದರು. ಬಂದರಿನ ಗುಮಾಸ್ತನೊಬ್ಬ ಸತ್ತ ಸಿಪಾಯಿಯ ಹೆಸರು ಹೇಳಿಕೊಂಡು ಅಂಥ ವಿಚಾರಣೆ ದಾಟುವುದು ಬಹಳ ಕಷ್ಟ. ನಿರಾಶ್ರಿತರ ದಾರಿಯಲ್ಲಿ ಹಾಗಲ್ಲ. ಮನೆ ಸುಟ್ಟು, ಕಾಗದಪತ್ರ ಹೋಗಿ, ಜೊತೆಗಿದ್ದವರು ಸತ್ತ ಮೇಲೆ ಬಾಯಲ್ಲಿ ಹೇಳಿದ ಹೆಸರೇ ಹೆಸರು. ವಸುಧಾಳ ಸುಳ್ಳು ನಿಲ್ಲುವುದು ಅದಕ್ಕೇ. ಗೋಪಾಲ ಗೋಪಾಲನಾಗಿಯೇ ಬರಲಿ.

ಬಂದ ಮೇಲೆ? 1946ರಲ್ಲಿ ಕಲ್ಕತ್ತೆಯ ಹೌರಾ ಸ್ಟೇಷನ್ನಿನಲ್ಲಿ ಇಬ್ಬರೂ ಒಂದೇ ಪ್ಲಾಟ್‌ಫಾರಂನಲ್ಲಿ ಬೆನ್ನು ತಿರುಗಿಸಿ ನಿಂತು, ಒಬ್ಬರನ್ನೊಬ್ಬರು ನೋಡದೆ ಹೋಗುತ್ತಾರೆ ಅಂತ ಬರೆದಿದ್ದೀರಿ. ಹಾಗೆ ಮಾಡಬೇಡಿ. ಅವನು ಅವಳನ್ನು ಹುಡುಕಿಕೊಂಡು ಬಾಗಿಲಿಗೇ ಬರಲಿ. ಅತ್ತೆ ಒಳಗೆ ಇರಲಿ, ಆರು ವರ್ಷದ ಮಗ ಪಕ್ಕದಲ್ಲಿ ನಿಂತಿರಲಿ. ಈಗ ಆ ಹುಡುಗ ಅವಳನ್ನು ಅಮ್ಮ ಅನ್ನುತ್ತಾನೆ. ಗೋಪಾಲ "ವಸುಧಾ" ಅಂದಾಗ ಅವಳು ಏನು ಹೇಳುತ್ತಾಳೆ? ಉತ್ತರ ನಿಮ್ಮದು. ಅವನ ಜೊತೆ ಹೋದರೂ ಸರಿ, "ಯಾರು ಬೇಕಿತ್ತು?" ಅಂದರೂ ಸರಿ. ತೀರ್ಮಾನ ಅವಳೇ ಮಾಡಲಿ, ರೈಲಿನ ವೇಳಾಪಟ್ಟಿ ಮಾಡುವುದು ಬೇಡ.

ಇನ್ನು ಇತಿಹಾಸದ ತಪ್ಪುಗಳು. 1942ರ ಏಪ್ರಿಲ್‌ನಲ್ಲಿ ರಂಗೂನಿನ ಮೇಲೆ ಜಪಾನೀಯರು ಬಾಂಬು ಹಾಕುವ ದೃಶ್ಯವಿದೆ. ಅಷ್ಟು ಹೊತ್ತಿಗೆ ಊರು ಅವರದ್ದೇ ಆಗಿತ್ತು. ನಿಮಗೆ ಬೇಕಾದರೆ ಏಪ್ರಿಲ್ 3ರಂದು ಬಾಂಬಿಗೆ ಉರಿದುಹೋದ ಮ್ಯಾಂಡಲೆ ಇದೆ. ವಸುಧಾ ಹೇಗೂ ಆ ದಾರಿಯಲ್ಲೇ ಹೋಗಬೇಕು. ಇಂಫಾಲದಲ್ಲಿ ಅವಳನ್ನು ರೈಲು ಹತ್ತಿಸಿದ್ದೀರಿ. ಇಂಫಾಲಕ್ಕೆ ಆಗ ರೈಲಿರಲಿಲ್ಲ, ಹತ್ತಬೇಕಾದರೆ ದಿಮಾಪುರಕ್ಕೆ ಬರಬೇಕಿತ್ತು. ಸುಭಾಷ್‌ಚಂದ್ರ ಬೋಸರ ಭಾಷಣವನ್ನು ಗೋಪಾಲ 1942ರಲ್ಲಿ ರಂಗೂನಿನಲ್ಲಿ ಕೇಳುತ್ತಾನೆ. ಬೋಸರು ಸಿಂಗಾಪುರಕ್ಕೆ ಬಂದಿದ್ದೇ 1943ರ ಜುಲೈನಲ್ಲಿ. ಬರ್ಮಾದಿಂದ ಭೂಮಾರ್ಗವಾಗಿ ಬಂದ ಭಾರತೀಯರು ಸುಮಾರು ಐದು ಲಕ್ಷ, ದಾರಿಯಲ್ಲಿ ಸತ್ತವರು ಹತ್ತಾರು ಸಾವಿರ. ಇಷ್ಟು ಜನ ನಡೆದು ಬಂದ ದಾರಿಯ ಬಗ್ಗೆ ಬರೆಯುವಾಗ ತಾರೀಖು, ಊರು ಸರಿ ಇರಲೇಬೇಕು. ಹಣವಿದ್ದವರಿಗೆ ಹಡಗು, ವಿಮಾನ ಸಿಕ್ಕಿತು, ಬಡವರು ನಡೆದರು ಅನ್ನುವುದನ್ನೂ ಕಥೆಯೊಳಗೆ ತನ್ನಿ.

ಭಾಷೆ ಬಗ್ಗೆ ಹೆಚ್ಚು ಹೇಳುವುದಿಲ್ಲ. "ಯುದ್ಧದ ಕರಾಳ ಛಾಯೆ" ಥರದ ಮಾತುಗಳನ್ನೆಲ್ಲ ಪೆನ್ಸಿಲ್ಲಿನಲ್ಲಿ ಹೊಡೆದಿದ್ದೇನೆ. ಅತ್ತೆಯ ಕೈ ಪಾತ್ರೆಯ ಮೇಲೆ ನಿಂತಿತು ಅಂತ ಬರೆಯಬಲ್ಲವರಿಗೆ ಅವುಗಳ ಅಗತ್ಯವಿಲ್ಲ. ಮೊಮ್ಮಗಳು, ಅಟ್ಟ, ಟ್ರಂಕು ಎಲ್ಲವೂ ಹೋಗಲಿ. ಗುಟ್ಟು ಮೊದಲೇ ಗೊತ್ತಿದ್ದಾಗ ಅವರಿಗೆ ಕೆಲಸವಿಲ್ಲ.

ಇಡೀ ಕಾದಂಬರಿಯನ್ನು ತಿದ್ದಿ ಈಗಲೇ ಕಳಿಸಬೇಡಿ. ತಾಮು ಶಿಬಿರದಿಂದ ಶುರುಮಾಡಿ ಆ ಮೊದಲ ರಾತ್ರಿಯ ಊಟದವರೆಗೆ, ವಸುಧಾಳ ಮನಸ್ಸಿನೊಳಗಿಂದ, ಹೊಸದಾಗಿ ಐವತ್ತು ಪುಟ ಬರೆಯಿರಿ. ಹಳೆಯ ಪ್ರತಿಯನ್ನು ಎದುರಿಗಿಟ್ಟುಕೊಂಡು ಬರೆಯಬೇಡಿ. ಆ ಪುಟಗಳು ಬಂದ ತಕ್ಷಣ ಓದುತ್ತೇನೆ. ಉಳಿದದ್ದನ್ನು ಆಮೇಲೆ ಕೂತು ಮಾತಾಡೋಣ.

ವಿಶ್ವಾಸದಿಂದ,
ಸಂಪಾದಕಿ